ಇಂಚಿಗೆ ಎಷ್ಟು ಎಳೆ

ಬರೆಯುವುದೊಂದು ಬಗೆ, ಕರೆಯುವುದು ಕೀತ್ಲಿ ಎಂದು.
ಯಾರ್ಕ್‌ಷೈರಿನ ಆ ಊರಿನ ಏರುಬೀದಿಯಲ್ಲಿ
ಮಸಿಗಲ್ಲಿನ ಮನೆಸಾಲು, ಹದಿನೇಳನೆಯದು ನಮ್ಮದು.
ನಡುಗೋಡೆ ಅರ್ಧ ನಮಗೆ, ಅರ್ಧ ಸಗ್ಡನ್ ಮುದುಕನಿಗೆ.

ಹಳೆ ಸಾಮಾನಿನಂಗಡಿಯಿಂದ ಚಿದಂಬರ ಹೊತ್ತು ತಂದ
ಜೋಡಿ ಸ್ಪೀಕರು, ಒಂದೊಂದೂ ಅಕ್ಕಿ ಡಬ್ಬದಷ್ಟು,
ಮುಖಕ್ಕೆ ಕಂದು ಬಟ್ಟೆ ಬಿಗಿದ ಚೌಕಟ್ಟು.
ತಂದ ದಿನವೇ ಉಗುರು ಸಿಕ್ಕಿಸಿ
ಟಪ್, ಟಪ್,
ಕಿತ್ತು ಸೋಫಾದ ಹಿಂದೆ ಒರಗಿಸಿಬಿಟ್ಟ.

‘ಬಾಯಿಗೆ ಸೆರಗು ಮುಚ್ಚಿಕೊಂಡು
ಯಾರಾದರೂ ಹಾಡುತ್ತಾರೇನೆ?’ ಅವನ ವಾದ.
‘ಹಾಡುವವರ ಗಂಟಲೊಳಗೆ
ಯಾರಾದರೂ ಇಣುಕುತ್ತಾರೇನೋ?’ ನನ್ನದು.

ಸುಳ್ಳು ಯಾಕೆ, ವ್ಯತ್ಯಾಸವಿತ್ತು.
ವೀಣೆಯ ಮೀಟಿಗೆ ಉಗುರು ಬಂತು.
ಹಾಡುವಾಕೆ ಉಸಿರೆಳೆದದ್ದು ಕೇಳಿತು,
ಸಭೆಯಲ್ಲಿ ಯಾರೋ ಕುರ್ಚಿ ಸರಿಸಿದ್ದೂ.
ಆದರೆ ನನಗೆ ಕಣ್ಣು ಮುಚ್ಚಲಾಗಲಿಲ್ಲ.
ಆ ಕಪ್ಪು ಕಾಗದದ ಬೋಗುಣಿ
ಮೃದಂಗದ ತೊಪ್ಪಿಗೊಮ್ಮೆ
ಓಡಿ ಬಂದ ನಾಯಿಯ ಪಕ್ಕೆಯ ಹಾಗೆ
ಒಳಗೆ ಹೊರಗೆ, ಒಳಗೆ ಹೊರಗೆ.
ಅದನ್ನೇ ನೋಡುತ್ತ ಕೂತೆ.
ಮುಗಿದ ಮೇಲೆ ರಾಗ ಯಾವುದೆಂದ,
ತಡವರಿಸಿದೆ.
ಕಲ್ಯಾಣಿ! ಎಂಟು ವರ್ಷ ಪಾಠ ಹೇಳಿಸಿಕೊಂಡ ನನಗೆ!

ಹೀಗೇ ಕಳೆಯಿತು ಒಂದು ಚಳಿಗಾಲ.
ಸಂಜೆ ಅವನು ತೆಗೆಯುವುದು,
ಬೆಳಿಗ್ಗೆ ನಾನು ಧೂಳಿನ ನೆಪ ಹೇಳಿ ಹಾಕುವುದು.
ನೆಪವೇನಲ್ಲ: ನಾದಿನಿಯ ಮಗು ಬಂದು
ಟ್ವೀಟರಿನ ಪುಟ್ಟ ಗುಮ್ಮಟವನ್ನು ಬೆರಳಲ್ಲಿ ಒತ್ತಿ ಹೋದಾಗ
ಟೇಪು ಅಂಟಿಸಿ ಎಳೆದೆಳೆದು ಎತ್ತಿದವನು ಇವನೇ;
ಒಂದು ನಿರಿಗೆ ಇನ್ನೂ ಇದೆ.
ಮದುವೆಯ ಅಂತರಪಟ ಒಮ್ಮೆ ಸರಿದರೆ ಸರಿಯಿತು,
ಇದು ದಿನಕ್ಕೆ ಎರಡು ಸಲ.

ನಮ್ಮ ಕಾಗದ ತನ್ನ ಬಾಗಿಲಿಗೆ ಬಂತೆಂದು
ಕೊಡಲು ಬಂದ ಸಗ್ಡನ್.
ನಲವತ್ತು ವರ್ಷ ಮಗ್ಗದ ಷೆಡ್ಡು, ಎರಡೂ ಕಿವಿ ಅಲ್ಲೇ ಬಿಟ್ಟು ಬಂದವನು.
ಸ್ಪೀಕರಿನ ಕಡೆ ತಿರುಗಿಯೂ ನೋಡಲಿಲ್ಲ;
ಸೋಫಾದ ಹಿಂದಿನ ಚೌಕಟ್ಟನ್ನು ತೊಡೆಗೇರಿಸಿಕೊಂಡ.
ಬಟ್ಟೆಯನ್ನು ಹೆಬ್ಬೆರಳಲ್ಲಿ ಸವರಿದ.
ಕೋಟಿನ ಜೇಬಿನಿಂದ ಮಡಚುವ ಹಿತ್ತಾಳೆ ಕನ್ನಡಿ ತೆಗೆದು
ಬಗ್ಗಿ ಎಣಿಸಿದ, ಹಾಸಿಗೆ ಇಷ್ಟು, ಹೊಕ್ಕಿಗೆ ಇಷ್ಟು.
‘ಇಂಚಿಗೆ ಇಪ್ಪತ್ತೆಂಟು. ಇದೋ, ಇಲ್ಲೊಂದು ತಪ್ಪಿದೆ,
ಸೋಮವಾರದ ಕೆಲಸ.’
ಯಾರ ಸೋಮವಾರ ಎಂದು ಹೇಳಲಿಲ್ಲ.

‘ಇದು ಕೇಳಿಸಬಾರದೆಂದೇ ನೇಯ್ದ ಬಟ್ಟೆ.
ಈಚೆಯಿಂದ ಊದಿದರೆ
ಆಚೆ ಹಿಡಿದ ಬೆಂಕಿಕಡ್ಡಿ ಆರಬೇಕು,
ಆರದಿದ್ದರೆ ಆ ಥಾನು ವಾಪಸ್ಸು.’

ಎದ್ದು ಅವನೇ ಎಡಗಡೆಯದಕ್ಕೆ ಹಾಕಿದ,
ಅದರ ಮೇಲೆ ಅಂಗೈ ಚಾಚಿ ಇಟ್ಟ,
ಜ್ವರ ನೋಡುವವರ ಹಾಗೆ.
‘ಹ್ಞಾಂ, ಹಚ್ಚು.’
ಹಚ್ಚಿದೆ. ತನಿಯ ಹೊತ್ತಿಗೆ ಅವನ ತುಟಿ ಅಲುಗುತ್ತಿತ್ತು,
ತಾಳ ತಪ್ಪಲಿಲ್ಲ.
ಬೋಳು ಬೋಗುಣಿಯ ಮೇಲೆ
ಹಾಗೆ ಕೈಯಿಡಲು ಯಾರನ್ನು ಬಿಡುತ್ತೀಯ?

ಈಗ ಎಡದ್ದಕ್ಕೆ ಬಟ್ಟೆ, ಬಲದ್ದು ಬರಿಮೈ.
ಸ್ಟೀರಿಯೋ ಕುಲಗೆಟ್ಟಿತೆಂದು ಗೊಣಗುತ್ತಾನೆ ಚಿದಂಬರ,
ಭಾನುವಾರ ನಾಲ್ಕಕ್ಕೆ ಮಾತ್ರ ಸುಮ್ಮನಿರುತ್ತಾನೆ.

ನಿನ್ನೆ ಅವನಿಲ್ಲದ ಹೊತ್ತು
ಕಡ್ಡಿ ಗೀರಿ, ಚೌಕಟ್ಟು ಎತ್ತಿ ಹಿಡಿದು, ಊದಿದೆ.
ಜ್ವಾಲೆ ಬಾಗಿತು, ಆರಲಿಲ್ಲ.
ಇನ್ನೊಂದು ಕಡ್ಡಿ. ಇಲ್ಲ.
ಎಳೆಎಳೆಯ ನಡುವೆ ಯಾರ‍್ಯಾರದೋ ಮನೆಯ ಧೂಳು.
ಹಲ್ಲುಜ್ಜುವ ಹಳೆ ಬ್ರಷ್ಷು ಹಿಡಿದು
ಕಿಟಕಿಯ ಬೆಳಕಿಗೆ ಕೂತಿದ್ದೇನೆ,
ಒಂದು ಮೂಲೆ ಮುಗಿದಿದೆ.